ಹಸಿರು ಹಾಳೆಯ ನಾಲ್ಕನೇ ಘಟಕ

"ಈ ಸಲ ಬರೇ ಪಾಸಲ್ಲ ರೇಖಾ, ರ‍್ಯಾಂಕು! ಬೇಕಾದ್ರ ಬರದಿಟ್ಕೊ!"

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಕೂಡ್ಲಿಗಿಯ ತನ್ನ ಮನೆಯ ಪಡಸಾಲೆಯ ನಟ್ಟನಡುವೆ ನಿಂತು, ಬನಿಯನ್ನಿನ ಮೇಲೆ ಸ್ನಾನದ ಟವೆಲನ್ನೇ ಶಾಲಿನಂತೆ ಹೊದ್ದುಕೊಂಡು ಕ್ರಾಂತಿಕುಮಾರ್ ಹೀಗೆ ಘೋಷಿಸಿದ. ಸನ್ಮಾನಕ್ಕೆ ಹಾರವೊಂದು ಕಡಿಮೆಯಿತ್ತು, ಅಷ್ಟೆ.

ಹೆಂಡತಿ ರೇಖಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬುತ್ತಿ ಡಬ್ಬಿಯ ಮುಚ್ಚಳ ಒತ್ತುತ್ತಾ ಕೇಳಿದಳು: "ಎಲ್ಲಿ ಬರದಿಟ್ಕೊಳ್ಳಿ? ಹೋದ ಸಲ ಬರದಿದ್ದರ ಕೆಳಗೋ, ಅದರ ಹಿಂದಿನ ಸಲದ್ದರ ಕೆಳಗೋ?"

"ಈ ಸಲದ ಮಾತೇ ಬ್ಯಾರೆ!"

"ಹೋದ ಸಲಾನೂ ಇದೇ ಟವೆಲ್ ಇತ್ತು ನೋಡ್ರಿ."

ಮಾತು ಚುಚ್ಚಿತು, ಆದರೆ ಲೆಕ್ಕ ತಪ್ಪಿರಲಿಲ್ಲ. ಕ್ರಾಂತಿಕುಮಾರ್ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದು ಬೇಡ, ಪಾಪ, ಅವರೆಲ್ಲ ಇನ್ನೂ ಅಲ್ಲೇ ಕೆಲಸ ಮಾಡಬೇಕು. ದೂರಶಿಕ್ಷಣದಲ್ಲಿ ಕನ್ನಡ ಎಂ.ಎ.ಗೆ ಕಟ್ಟಿದ್ದ. ಉಳಿದ ಪತ್ರಿಕೆಗಳೆಲ್ಲ ಹೇಗೋ ದಾಟಿದವು, ಕಾವ್ಯಮೀಮಾಂಸೆ ಮಾತ್ರ ಮೂರು ಸಲ ಅವನನ್ನು ಎತ್ತಿ ಒಗೆದಿತ್ತು. ಬರುವ ಭಾನುವಾರದ್ದು ನಾಲ್ಕನೆಯದು, ಕಡೆಯದು. ಇದರಲ್ಲೂ ಹೋದರೆ ಇಡೀ ಎಂ.ಎ. ರದ್ದು, ಮತ್ತೆ ಮೊದಲಿನಿಂದ ಶುರು!

ಅದಕ್ಕಿಂತ ದೊಡ್ಡ ಸಂಕಟ ಬಾಗಿಲ ಹಿಂದೆ ಇತ್ತು. ಅವನ ಅಪ್ಪ ಜೋಗಪ್ಪ ಅದೇ ಕಚೇರಿಯಲ್ಲಿ ಮೂವತ್ತೆರಡು ವರ್ಷ ಜವಾನನಾಗಿ ಫೈಲು ಹೊತ್ತವನು. ತಾನು ಹೊತ್ತ ಫೈಲಿನಲ್ಲಿ ಏನಿದೆ ಎಂದು ಒಂದಕ್ಷರ ಓದಲು ಬಾರದವನು. ಮಗ ಎಂ.ಎ.ಗೆ ಕಟ್ಟಿದ ದಿನವೇ ಪೇಂಟರನ ಹತ್ತಿರ ಹೋಗಿ ಒಂದು ಬೋರ್ಡು ಬರೆಸಿಕೊಂಡು ಬಂದಿದ್ದ: 'ಜೋ. ಕ್ರಾಂತಿಕುಮಾರ್, ಎಂ.ಎ.' ನಾಲ್ಕು ವರ್ಷದಿಂದ ಆ ಬೋರ್ಡು ಗೋಡೆಗೆ ಮುಖ ಮಾಡಿಕೊಂಡು ಬಾಗಿಲ ಹಿಂದೆ ನಿಂತಿದೆ. ಮುದುಕ ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಾನೆ, ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಕೇಳಿದ್ದರೆ ವಾಸಿಯಿತ್ತು.

ಹೀಗಾಗಿ ಕ್ರಾಂತಿಕುಮಾರ್ ಆರು ದಿನ ಗಳಿಕೆ ರಜೆ ಹಾಕಿದ್ದ. ಮೊದಲನೇ ದಿನ ಪೂರ್ತಿ ಟೈಮ್ ಟೇಬಲ್ ಬರೆಯುವುದರಲ್ಲೇ ಕಳೆಯಿತು. ಐದು ಘಟಕಕ್ಕೆ ಐದು ಬಣ್ಣ, ಊಟಕ್ಕೆ ಒಂದು ಬಣ್ಣ, ಚಹಾಕ್ಕೆ ಇನ್ನೊಂದು! ಸಂಜೆ ಅದನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದಾಗ ಅರ್ಧ ಪಾಸಾದಷ್ಟೇ ಸಮಾಧಾನವಾಯಿತು. ಆ ದಿನ ಮಧ್ಯಾಹ್ನ ಜೋರು ಮಳೆಯೂ ಬಂದು ಹವೆ ತಂಪಾಗಿತ್ತು. ಎಲ್ಲವೂ ಶುಭಸೂಚನೆಯೇ.

ಮಂಗಳವಾರ ನೋಟ್ಸ್ ಬಿಚ್ಚಿದ. ಒಂದನೇ ಘಟಕ ಇತ್ತು. ಎರಡು, ಮೂರು ಇದ್ದವು. ಮೂರರ ನಂತರ ಐದು!

ನಾಲ್ಕನೇ ಘಟಕ ಮಾಯ!

ಇಲ್ಲಿ ಒಂದು ಒಪ್ಪಂದದ ವಿಷಯ ಹೇಳಬೇಕು. ಈ ಪರೀಕ್ಷೆಗೆ ಭಾನುವಾರಗಳಂದು ಹಗರಿಬೊಮ್ಮನಹಳ್ಳಿಯಲ್ಲಿ ಪಾಠ ನಡೆಯುತ್ತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನ ಜಂಬುನಾಥನೂ ಇದೇ ಪತ್ರಿಕೆ ಬರೆಯುವವನು, ಕೊಟ್ಟೂರಿನವನು. ಇಬ್ಬರೂ ಪ್ರತಿ ಭಾನುವಾರ ಬಸ್ಸಿನಲ್ಲಿ ಯಾಕೆ ಸಾಯಬೇಕು? ಒಂದು ವಾರ ಅವನು, ಒಂದು ವಾರ ಇವನು. ಒಂದು, ಮೂರು, ಐದನೇ ಘಟಕ ಜಂಬುನಾಥನ ಪಾಲು. ಎರಡು ಮತ್ತು ನಾಲ್ಕು ಕ್ರಾಂತಿಕುಮಾರನ ಪಾಲು. ಆಮೇಲೆ ಜೆರಾಕ್ಸ್ ಮಾಡಿಸಿ ಅದಲುಬದಲು. ಜಂಬುನಾಥ ತನ್ನ ಮೂರನ್ನೂ ತಿಂಗಳ ಹಿಂದೆಯೇ ಕೊಟ್ಟಿದ್ದ. ಕ್ರಾಂತಿಕುಮಾರ್ ತನ್ನ ಎರಡನ್ನು 'ನಾಳೆ ಕೊಡ್ತೀನಿ' ಎನ್ನುತ್ತಾ ಇದ್ದ.

ನಾಲ್ಕನೇ ಘಟಕವೆಂದರೆ ಕರುಣ ರಸ. ಪಾಠ ಹೇಳಿದವರು "ಇದರಾಗ ಇಪ್ಪತ್ತು ಅಂಕದ್ದು ಬಂದೇ ಬರತೈತಿ" ಎಂದು ಮೇಜು ಕುಟ್ಟಿ ಹೇಳಿದ್ದರು. ಅದನ್ನು ಕ್ರಾಂತಿಕುಮಾರ್ ಕಚೇರಿಯ ಸಮಯದಲ್ಲಿ, ಕಚೇರಿಯ ಹಸಿರು ಟಿಪ್ಪಣಿ ಹಾಳೆಯ ಮೇಲೆ, ದುಂಡಗೆ ಪ್ರತಿ ಮಾಡಿ, ಮೊದಲಿನ ಗೀಚು ಹಾಳೆಗಳನ್ನು ಹರಿದೊಗೆದಿದ್ದ. ಹಾಗೆ ಮಾಡಿದರೆ ದೂರದಿಂದ ನೋಡುವವರಿಗೆ ದೇಶಸೇವೆ ಮಾಡುತ್ತಿರುವಂತೆ ಕಾಣುತ್ತದೆ. ನಾಲ್ಕು ಹಾಳೆ, ಎಂಟು ಪುಟ. ಕೈಗೆ ಹಾಳೆ ಸಿಕ್ಕರೆ ಪುಟಸಂಖ್ಯೆ ಹಾಕಿ ದಾರ ಪೋಣಿಸುವುದು ಗುಮಾಸ್ತನ ರಕ್ತದಲ್ಲೇ ಇರುವುದರಿಂದ ಅದನ್ನೂ ಮಾಡಿದ್ದ.

"ಪುಸ್ತಕ ಐತೆಲ್ಲ, ಅದನ್ನ ಓದ್ರಿ," ಎಂದಳು ರೇಖಾ.

"ಪುಸ್ತಕ ಓದೇ ಮೂರು ಸಲ ಫೇಲಾಗೀನಿ! ಆ ಎಂಟು ಪುಟದಾಗ ನನ್ನ ಜೀವ ಐತಿ. ಯಾರೋ ತಗದಾರ!"

"ಯಾರು?"

"ಅದನ್ನೇ ಕಂಡುಹಿಡೀಬೇಕು."

ಓದುವುದಕ್ಕೆ ಬಾರದ ಉತ್ಸಾಹ ಆಗ ಎಲ್ಲಿಂದ ಬಂತೋ! ಒಂದು ಹೊಸ ನೋಟುಬುಕ್ಕು ತೆಗೆದು ಗೆರೆ ಎಳೆದ. ಕ್ರಮಸಂಖ್ಯೆ, ಹೆಸರು, ಅನುಮಾನಕ್ಕೆ ಕಾರಣ, ಷರಾ. ರಟ್ಟಿನ ಮೇಲೆ ದೊಡ್ಡದಾಗಿ 'ಅನುಮಾನದ ವಹಿ' ಎಂದು ಬರೆದು ಕೆಳಗೆ ಸಹಿ ಮಾಡಿ ದಿನಾಂಕ ಹಾಕಿದ. ಕರುಣ ರಸಕ್ಕೆ ಮೀಸಲಿಟ್ಟಿದ್ದ ಬೆಳಗು ಹೀಗೆ ಪತ್ತೇದಾರಿಕೆಗೆ ಹೋಯಿತು.

ಮೊದಲನೇ ಹೆಸರು ಸ್ವಂತ ತಾಯಿಯದು. ಗಿಡ್ಡಮ್ಮನಿಗೆ ಕಾಗದ ಕಂಡರೆ ಅಡಿಗೆಮನೆಯ ಡಬ್ಬಿಗಳ ಕೆಳಗೆ ಹಾಸುವ ಚಾಳಿ. ಕ್ರಾಂತಿಕುಮಾರ್ ಹದಿನಾಲ್ಕು ಡಬ್ಬಿ ಕೆಳಗಿಳಿಸಿದ. ಮೂರು ವರ್ಷದ ಹಳೆಯ ಕ್ಯಾಲೆಂಡರ್ ಸಿಕ್ಕಿತು, ತನ್ನದೇ ಮದುವೆಯ ಕರೆಯೋಲೆ ಸಿಕ್ಕಿತು, ಹೋದ ಸಲದ ಹಾಲ್ ಟಿಕೆಟ್ಟೂ ಸಿಕ್ಕಿ ಹೊಟ್ಟೆ ಉರಿಸಿತು. ಹಸಿರು ಹಾಳೆ ಇಲ್ಲ. ಇಳಿಸಿದ ಡಬ್ಬಿಗಳನ್ನು ಮತ್ತೆ ಏರಿಸುವಾಗ ಖಾರದ ಪುಡಿಯ ಡಬ್ಬಿಯ ಮುಚ್ಚಳ ಕಳಚಿಬಿತ್ತು.

"ಯವ್ವಾ, ಖರೇ ಹೇಳು, ಹಸಿರು ಹಾಳಿ ಏನು ಮಾಡಿದಿ?" ಸೀನುತ್ತಾ ಕೇಳಿದ.

"ನಾ ಏನು ಹಸಿರು ಹಾಳಿ ತಿಂತೀನೇನೋ, ಆಡಂಗ!" ಗಿಡ್ಡಮ್ಮ ಪೊರಕೆ ಹಿಡಿದೇ ಉತ್ತರ ಕೊಟ್ಟಳು. ಷರಾ ಕಾಲಂನಲ್ಲಿ 'ಆರೋಪಿ ಸಿಟ್ಟಾದಳು, ಗಮನಾರ್ಹ' ಎಂದು ಬರೆದುಕೊಂಡ.

ಎರಡನೇ ಹೆಸರು ರೇಖಾ. ಸಂಜೆ ಅವಳು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ವಿಚಾರಣೆ.

"ನಿನ್ನ ಮಕ್ಕಳ ಪೇಪರ್ ಕಟ್ಟಿನ್ಯಾಗ ಸೇರ‍್ಯಾವೇನು?"

"ಸೇರಿದ್ರ ತಿದ್ದಿ ಮಾರ್ಕ್ಸ್ ಹಾಕಿರ‍್ತಿದ್ದೆ. ನಿಮಗ ಎಷ್ಟು ಬಿದ್ದಾವ ಅಂತ ಇಷ್ಟೊತ್ತಿಗೆ ಗೊತ್ತಾಗಿರ‍್ತಿತ್ತು."

"ನಗಬ್ಯಾಡ. ನಾ ಪಾಸಾಗೋದು ನಿನಗ ಬ್ಯಾಡೇನೋ ಅಂತ ಒಂದು ಸಣ್ಣ ಅನುಮಾನ."

"ಪುರಾವಿ?"

"ಪುರಾವಿ ಇದ್ರ ಅದು ಅನುಮಾನ ಯಾಕಾಕ್ಕೈತಿ?"

ಗಣಿತದ ಮೇಷ್ಟ್ರಮ್ಮ ಒಂದು ಕ್ಷಣ ಅವನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು. ಆ ರಾತ್ರಿಯ ಸಾರಿಗೆ ಉಪ್ಪಿರಲಿಲ್ಲ. ಅದನ್ನೂ ಬರೆದುಕೊಂಡ.

ಬುಧವಾರ ಬೆಳಿಗ್ಗೆ ಜಂಬುನಾಥನ ಫೋನು ಬಂತು. "ದೋಸ್ತ, ಓದು ಹೆಂಗ ನಡದೈತಿ? ಎರಡು, ನಾಕು ಕೊಡ್ತೀನಿ ಅಂದಿದ್ದೆಲ್ಲ, ನಾಳಿ ನಾಡದ್ರಾಗ ಕೊಟ್ಟರ ನಾನೂ ಒಂದೀಟು ತಿರುವಿ ಹಾಕತಿದ್ದೆ."

ಕ್ರಾಂತಿಕುಮಾರನ ತಲೆಯಲ್ಲಿ ಗಂಟೆ ಬಾರಿಸಿತು. ತಿಂಗಳಿಂದ 'ನಾಳೆ' ಎಂದರೆ ಸುಮ್ಮನಾಗುತ್ತಿದ್ದವನು ಈಗಲೇ ಯಾಕೆ ಒತ್ತಿ ಕೇಳಿದ? ಅದೂ ನಾಲ್ಕನ್ನೇ? ಕದ್ದವನು ತಾನು ಕದ್ದಿಲ್ಲ ಎಂದು ತೋರಿಸಲು ಇನ್ನೇನು ಮಾಡುತ್ತಾನೆ? ಕೇಳುತ್ತಾನೆ! ತನ್ನ ಮೇಜಿನ ಪಕ್ಕದಲ್ಲೇ ಅವನ ಮೇಜು, ರಜೆಯಲ್ಲಿ ತನ್ನ ಚಾರ್ಜೂ ಅವನದೇ, ತನ್ನ ಡ್ರಾಯರಿನ ಬೀಗದ ಕೈ ಕೂಡ ಅವನ ಹತ್ತಿರವೇ. ಇಷ್ಟು ದೊಡ್ಡ ಸಂಚನ್ನು ತನ್ನ ರೊಟ್ಟಿಯಲ್ಲಿ ಪಾಲು ಕೊಟ್ಟ ಗೆಳೆಯನೇ ಹೂಡಿದನಲ್ಲ ಎಂದು ಕಣ್ಣಲ್ಲಿ ನೀರು ಬಂತು. ವಹಿಯ ಮೂರನೇ ಹೆಸರು ಅವನದಾಯಿತು.

"ಎರಡನೇದು ಕಳದೈತೋ ಜಂಬು," ಎಂದ, ಎರಡನೇ ಘಟಕವನ್ನು ಎಡಗೈಯಲ್ಲಿ ಹಿಡಿದುಕೊಂಡೇ. "ನಾಕನೇದು... ನಾಕನೇದು ನಿನಗ ಗೊತ್ತಲ್ಲ."

"ನನಗೇನು ಗೊತ್ತು?"

"ಹ್ಞಾಂ, ಹಂಗ ಅನ್ನು, ಅನ್ನು."

ಫೋನು ಇಟ್ಟವನೇ ಎರಡನೇ ಘಟಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೂಲೆಯ ಜೋಳದ ಚೀಲದೊಳಗೆ ಮೊಣಕೈವರೆಗೆ ತೂರಿಸಿ ಹೂತಿಟ್ಟ. ನನಗೆ ನಾಲ್ಕು ಇಲ್ಲದಿದ್ದರೆ ಅವನಿಗೆ ಎರಡೂ ಬೇಡ! ಸಾಹಿತ್ಯದ ವಿದ್ಯಾರ್ಥಿಗೆ ತಕ್ಕ ಯೋಚನೆಯಲ್ಲ, ನಿಜ. ಆದರೆ ಆ ಕ್ಷಣದಲ್ಲಿ ತುಂಬ ಹಿತವಾಗಿತ್ತು.

ಮಧ್ಯಾಹ್ನ ಜಂಬುನಾಥ ಕಚೇರಿಯಲ್ಲಿರುವ ಹೊತ್ತು ನೋಡಿ ಕ್ರಾಂತಿಕುಮಾರ್ ಕೊಟ್ಟೂರಿನ ಬಸ್ಸು ಹತ್ತಿದ. ಜಂಬುನಾಥನ ತಾಯಿ ನಾಗಲಿಂಗಮ್ಮ ಬಾಗಿಲು ತೆಗೆದಳು.

"ಬಾರಪ ಕ್ರಾಂತಿ! ಜಂಬು ಇಲ್ಲಲ್ಲ, ಆಫೀಸಿಗಿ ಹೋಗ್ಯಾನ."

"ಗೊತ್ತು... ಅಲ್ಲ, ಹೌದೇನು? ಇರಲಿ ಬಿಡ್ರಿ. ಒಂದು ಪುಸ್ತಕ ಇಟ್ಟಿದ್ದೆ ಅವನ ರೂಮಿನ್ಯಾಗ."

"ನೋಡ್ಕೊ ಹೋಗು. ನಾ ಮಂಡಕ್ಕಿ ವಗ್ಗರಣಿ ಹಾಕ್ತೀನಿ."

ಒಳಗೆ ವಗ್ಗರಣೆ ಚಿಟಪಟ ಎನ್ನುತ್ತಿರಲು ಇಲ್ಲಿ ಶೋಧ ನಡೆಯಿತು. ಕಪಾಟು, ಹಾಸಿಗೆ, ದಿಂಬಿನ ಚೀಲ. ಕೊನೆಗೆ ಮಂಚದ ಕೆಳಗಿನ ಟ್ರಂಕು! ಮುಚ್ಚಳ ಎತ್ತಿದ್ದೇ ತಡ, ಬಟ್ಟೆಗಳ ಸಂದಿಯಿಂದ ಹಸಿರು ಬಣ್ಣದ ತುದಿಯೊಂದು ಇಣುಕಿತು. ಸಿಕ್ಕಿಬಿದ್ದ ಕಳ್ಳ! ಕ್ರಾಂತಿಕುಮಾರ್ ಎರಡೂ ಕೈ ಹಾಕಿ ಎಳೆದ. ಬಂತು, ಉದ್ದಕ್ಕೆ ಬಂತು, ಬರುತ್ತಲೇ ಇತ್ತು. ಕೆಂಪು ಅಂಚಿನ, ಕುಪ್ಪಸ ಹೊಲಿಸುವ ಹಸಿರು ಖಣ!

ತಿರುಗಿದರೆ ಬಾಗಿಲಲ್ಲಿ ನಾಗಲಿಂಗಮ್ಮ, ಕೈಯಲ್ಲಿ ಮಂಡಕ್ಕಿ ತಟ್ಟೆ.

ಇಬ್ಬರೂ ಖಣವನ್ನೇ ನೋಡಿದರು. ಕೊನೆಗೆ ನಾಗಲಿಂಗಮ್ಮನೇ ಅವನನ್ನು ಕಾಪಾಡಿದಳು. "ರೇಖಾಗ ಕೊಡಬೇಕಂತ ಜಂಬು ಹೇಳ್ಯಾನೇನು? ಹೌದಪ್ಪ, ನಿಮ್ಮ ಮದುವ್ಯಾದಾಗಿಂದ ಆಕಿಗೆ ಒಂದು ಖಣ ಕೊಟ್ಟಿಲ್ಲ ನಾನು. ನನಗೂ ಮರತು ಹೋಗಿತ್ತು ನೋಡು!" ಎಂದು ಖಣಕ್ಕೆ ಒಂದು ತೆಂಗಿನಕಾಯಿ, ಅರಿಷಿಣ ಕುಂಕುಮ ಸೇರಿಸಿ ಕೈಗಿಟ್ಟಳು. ಕದಿಯಲು ಬಂದವನಿಗೆ ಉಡುಗೊರೆ ಕೊಟ್ಟು ಕಳಿಸಿದ ಮನೆ ಅದು. ನಾಚಿಕೆಯಿಂದ ಮಂಡಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಎರಡು ತಟ್ಟೆ ತಿಂದ.

ಮನೆಗೆ ಬಂದರೆ ವಿಚಾರಣೆಯ ದಿಕ್ಕೇ ಬದಲಾಯಿತು.

"ಎಲ್ಲಿಗಿ ಹೋಗಿದ್ರಿ?"

"ಕೊಟ್ಟೂರಿಗಿ. ನೋಟ್ಸ್ ಹುಡುಕಾಕ."

"ಸಿಕ್ತೇನು?"

"ಖಣ ಸಿಕ್ತು."

ರೇಖಾ ಖಣವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. "ಪರೀಕ್ಷಿ ನಾಕು ದಿನ ಇರೋವಾಗ ಮೊದಲನೇ ಸಲ ನನಗ ಖಣ ತಂದೀರಿ. ಏನು ತಪ್ಪು ಮಾಡಿ ಬಂದೀರಿ?"

"ತಪ್ಪಲ್ಲ, ಜಂಬುನ ತಾಯಿ ಕೊಟ್ರು!"

"ಯಾಕ ಕೊಟ್ರು?"

"ನಾ ಅವರ ಟ್ರಂಕಿನಿಂದ ಎಳದೆ, ಅದಕ್ಕ!"

ಹೇಳಿದ ಮೇಲೆ ಕೇಳಿಸಿಕೊಂಡ. ರೇಖಾ ಮೇಜಿನ ಮೇಲಿದ್ದ ಅನುಮಾನದ ವಹಿಯನ್ನು ತೆಗೆದು, ಕೆಂಪು ಪೆನ್ನಿನಿಂದ ಕ್ರಮಸಂಖ್ಯೆ ನಾಲ್ಕರಲ್ಲಿ 'ಕ್ರಾಂತಿಕುಮಾರ್' ಎಂದು ಬರೆದು, ಷರಾದಲ್ಲಿ 'ಬುದ್ಧಿ' ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಗುರುವಾರ ಬೆಳಿಗ್ಗೆ. ಇನ್ನು ಮೂರೇ ದಿನ! ಟೈಮ್ ಟೇಬಲ್ ಪ್ರಕಾರ ಈ ಹೊತ್ತಿಗೆ ಐದೂ ಘಟಕ ಒಂದು ಸುತ್ತು ಮುಗಿದಿರಬೇಕಿತ್ತು. ಒಂದಕ್ಷರ ಓದಿರಲಿಲ್ಲ. ಕ್ರಾಂತಿಕುಮಾರ್ ಹೊರಗಿನ ಕಟ್ಟೆಯ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದ. ಪಕ್ಕದಲ್ಲಿ ಜೋಗಪ್ಪ ಬೋರ್ಡಿನ ಧೂಳು ಒರೆಸಿ ಬಂದು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಎರಡು ದಿನದ ಗದ್ದಲದಲ್ಲಿ ಮುದುಕ ಒಮ್ಮೆಯೂ ಬಾಯಿ ಹಾಕಿರಲಿಲ್ಲ.

"ಏನು ಕಳಕೊಂಡೀಯಪ?"

"ಹಾಳಿ."

"ಬಣ್ಣ ಎಂಥದು?"

"ಹಸಿರು."

"ದಾರ ಪೋಣಿಸಿದ್ದೇನು?"

"ಹ್ಞೂಂ."

"ನಂಬರ್ ಹಾಕಿದ್ದೇನು?"

"ಹಾಕಿದ್ದೆ ಯಪ್ಪ. ಹದಿಮೂರರಿಂದ ಇಪ್ಪತ್ತು."

ಜೋಗಪ್ಪ ಎಲೆ ಮಡಚಿ ಬಾಯಿಗೆ ಇಟ್ಟ. ನಿಧಾನವಾಗಿ ಅಗಿದ. "ನಿನ್ನ ಹಾಳಿ ಹದಿಮೂರರಿಂದ ಯಾಕ ಶುರು ಆದ್ವು? ಹನ್ನೆರಡರ ತನಕ ಯಾವುದರಾಗ ಇತ್ತು, ಅದರಾಗ ಹುಡುಕು. ಮತ್ತ ಒಂದು ಹೇಳ್ತೀನಿ ಕೇಳು. ಹಸಿರು ಹಾಳಿ ಮನ್ಯಾಗ ಇರಂಗಿಲ್ಲೋ. ಅದು ಮ್ಯಾಲಕ ಹೋಗ್ತೈತಿ. ಮೂವತ್ತೆರಡು ವರ್ಷ ನಾನೇ ಹೊತ್ತೀನಿ."

ಕ್ರಾಂತಿಕುಮಾರ್ ಕಟ್ಟೆಯಿಂದ ಥಟ್ಟನೆ ಎದ್ದು ನಿಂತ.

ಹನ್ನೆರಡು ಪುಟ! ನೆನಪಾಯಿತು, ಎಲ್ಲವೂ ನೆನಪಾಯಿತು! ಕಚೇರಿಯ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋಗಿದ್ದರೂ 'ಕಚೇರಿಯ ಛಾವಣಿ ಸೋರುತ್ತಿರುವ ಬಗ್ಗೆ' ಎಂಬ ಹಳೆಯ ಫೈಲೊಂದು ಕಾಗದದಲ್ಲೇ ಉಳಿದಿತ್ತು. ಹನ್ನೊಂದು ವರ್ಷದಿಂದ ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಇಡೀ ಕಚೇರಿಯಲ್ಲಿ ಅದಕ್ಕಿಂತ ಸುರಕ್ಷಿತ ಜಾಗ ಇರಲಿಲ್ಲ. ಕರುಣ ರಸವನ್ನು ಪ್ರತಿ ಮಾಡುತ್ತಿದ್ದಾಗ ಸೂಪರಿಂಟೆಂಡೆಂಟ್ ಅಜ್ಜಯ್ಯನವರು ಅತ್ತ ಬಂದರೆಂದು ಹಾಳೆಗಳನ್ನು ಆ ಫೈಲಿನೊಳಗೆ ಇಟ್ಟು ಬರೆಯತೊಡಗಿದ್ದ. ಹನ್ನೆರಡರ ಮುಂದೆ ಹದಿಮೂರು ಎಂದು ಕೈ ತಾನಾಗಿಯೇ ಬರೆದಿತ್ತು. ದಾರವನ್ನೂ ಕೈ ತಾನಾಗಿಯೇ ಪೋಣಿಸಿತ್ತು. ರಜೆ ಮಂಜೂರಾದ ಖುಷಿಯಲ್ಲಿ ತಲೆ ಮಾತ್ರ ಎಲ್ಲವನ್ನೂ ಮರೆತಿತ್ತು.

ರಜೆಯಲ್ಲಿದ್ದರೂ ಹವಾಯಿ ಚಪ್ಪಲಿಯಲ್ಲೇ ಕಚೇರಿಗೆ ಓಡಿದ. ಅಜ್ಜಯ್ಯನವರು ತುಂಬ ಪ್ರೀತಿಯಿಂದ ಬರಮಾಡಿಕೊಂಡರು.

"ಬಾರೋ ಕ್ರಾಂತಿ! ಸೋಮವಾರ ಮಳಿ ಬಂತಲ್ಲ, ಸಾಹೇಬ್ರ ತಲಿ ಮ್ಯಾಲೇ ಧಾರಾಕಾರ ಸುರೀತು. 'ಛಾವಣಿ ಫೈಲ್ ತರ‍್ರಿ' ಅಂತ ಕುಣದಾಡಿದ್ರು ನೋಡು. ಜಂಬುನಾಥ ಆಗಿಂದಾಗ ಮಂಡಿಸಿದ. ಹರಪನಹಳ್ಳಿಗೆ, ಮ್ಯಾಲಿನ ಆಫೀಸಿಗಿ ಹೋತು."

"ಸರ್... ಒಳಗಿನ ಟಿಪ್ಪಣಿ... ನೋಡಿದ್ರೇನ್ರಿ?"

"ನೋಡದ ಸಹಿ ಮಾಡ್ತೀನೇನೋ! ಪೂರಾ ಓದೀನಿ. ಭಾಳ ಚಲೋ ಬರದೀಯ, ವಿಷಯ ಸ್ಪಷ್ಟ ಐತಿ."

ಕಚೇರಿಯಲ್ಲಿ ಉಳಿಸಿಕೊಂಡ ಪ್ರತಿಯಲ್ಲಿ ಪುರಾವೆ ಇತ್ತು. ಇಪ್ಪತ್ತನೇ ಪುಟದ ಕೊನೆಯಲ್ಲಿ ಕ್ರಾಂತಿಕುಮಾರನ ದುಂಡಕ್ಷರ: 'ಆದ್ದರಿಂದ ಶೋಕವೇ ಕರುಣ ರಸದ ಸ್ಥಾಯಿಭಾವ.' ಇಪ್ಪತ್ತೊಂದರಲ್ಲಿ ಹಿಂದಿನ ಪುಟ ತಿರುವದ ಜಂಬುನಾಥನ ಅಕ್ಷರ: 'ಹಿಂದಿನ ಪುಟಗಳನ್ನು ದಯವಿಟ್ಟು ಅವಗಾಹಿಸಬಹುದು. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.' ಅದರ ಕೆಳಗೆ ಅಜ್ಜಯ್ಯನವರ 'ಒಪ್ಪಿದೆ', ಅದರ ಕೆಳಗೆ ಸಾಹೇಬರ 'ಒಪ್ಪಿದೆ'. ಶೋಕವನ್ನು ಇಡೀ ಕಚೇರಿ ಸರ್ವಾನುಮತದಿಂದ ಒಪ್ಪಿತ್ತು!

ಆದರೆ ಪ್ರತಿ ಮಾಡಿದ್ದು ಆ ಕಡೆಯ ಎರಡು ಪುಟ ಮಾತ್ರ. ಉಳಿದ ಕರುಣ ರಸ ಹರಪನಹಳ್ಳಿಯಲ್ಲಿತ್ತು. ಮುಂದೇನು ಎಂದು ತೋಚದೆ ನಿಂತಿದ್ದಾಗ ಮೇಜಿನ ಮೇಲಿನ ಫೋನು ರಿಂಗಾಯಿತು. ಅಜ್ಜ‍ಯ್ಯನವರು ಆಗಲೇ ಚಹಾಕ್ಕೆ ಎದ್ದುಹೋಗಿದ್ದರು. ಹಳೆಯ ಅಭ್ಯಾಸ, ಕ್ರಾಂತಿಕುಮಾರನೇ ಎತ್ತಿದ.

"ನಾನು ಸುಮಲತಾ, ಹರಪನಹಳ್ಳಿ ಕಚೇರಿಯಿಂದ." ಮೇಲಿನ ಅಧಿಕಾರಿ! ಹಡಗಲಿ ಕಡೆಯವರು, ಫೈಲು ನಿಜವಾಗಿಯೂ ಓದುತ್ತಾರೆ ಎಂಬ ಭಯಾನಕ ಖ್ಯಾತಿ ಅವರದು. "ಛಾವಣಿ ಫೈಲ್ ನೋಡ್ತಾ ಇದೀನಿ. ಹದಿಮೂರರಿಂದ ಇಪ್ಪತ್ತು ಪುಟ ಯಾರು ಬರೆದದ್ದು?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅನುಮಾನಾಸ್ಪದ! ಸಿಟ್ಟಿಲ್ಲದ ಅಧಿಕಾರಿಯ ಹಿಂದೆ ಖಂಡಿತ ನೋಟಿಸು ಇರುತ್ತದೆ. ಕಚೇರಿ ಸಮಯದಲ್ಲಿ ಸ್ವಂತ ಓದು, ಸರ್ಕಾರಿ ಹಾಳೆ, ಸರ್ಕಾರಿ ದಾರ! ಕ್ರಾಂತಿಕುಮಾರನ ಕಣ್ಮುಂದೆ ಅಮಾನತು ಆದೇಶ ಹಾದುಹೋಯಿತು, ಬಾಗಿಲ ಹಿಂದಿನ ಬೋರ್ಡೂ ಹಾದುಹೋಯಿತು.

"ನಾ ರಜಾದಾಗ ಅದೀನ್ರಿ ಮೇಡಂ. ನಂದಲ್ರಿ. ಚಾರ್ಜಿನ್ಯಾಗ... ಜಂಬುನಾಥ ಅಂತ ಅದಾನ್ರಿ."

"ಸರಿ. ನಾಳೆ ಅವರನ್ನ ನನ್ನ ಹತ್ರ ಕಳಿಸ್ರಿ."

ಜಂಬುನಾಥ ಚಹಾ ಕುಡಿಯಲು ಹೋಗಿದ್ದ. ಅವನ ಮೇಜಿನ ಮೇಲೆ ಒಂದು ಚೀಟಿ ಬರೆದಿಟ್ಟ: 'ನಾಳೆ ಹರಪನಹಳ್ಳಿಗೆ ಬರಬೇಕಂತೆ. ಕಾರಣ ತಿಳಿದಿಲ್ಲ.' ಹಿಂಬಾಗಿಲಿನಿಂದ ಮನೆಗೆ ಓಡಿದ. ಅಷ್ಟು ಹೊತ್ತಿಗೆ ಅವನಿಗೆ ಯಾರ ಮೇಲೂ ಅನುಮಾನ ಉಳಿದಿರಲಿಲ್ಲ. ಕಳ್ಳ ಯಾರೆಂದು ಚೆನ್ನಾಗಿ ಗೊತ್ತಿತ್ತು.

ಶುಕ್ರವಾರದ ಹಗಲು ಕಳೆಯುವಷ್ಟರಲ್ಲಿ ಅವನ ಪ್ರಾಣ ಅರ್ಧವಾಯಿತು. ಊಟಕ್ಕೆ ಕೂತರೆ ನಾಗಲಿಂಗಮ್ಮನ ಮಂಡಕ್ಕಿ ನೆನಪು, ಓದಲು ಕೂತರೆ ಜಂಬುನಾಥನ ಮೂರು ಘಟಕಗಳು ಕಣ್ಣಿಗೆ ಬಿದ್ದವು. ನೀಟಾಗಿ ಬರೆದು, ತಾನೇ ದುಡ್ಡು ಕೊಟ್ಟು ಜೆರಾಕ್ಸ್ ಮಾಡಿಸಿ, ಮುಖ್ಯ ಸಾಲುಗಳ ಕೆಳಗೆ ಗೆರೆ ಎಳೆದು ಕೊಟ್ಟಿದ್ದ ಪುಣ್ಯಾತ್ಮ. ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಅವನದೇ ದನಿ ಕೇಳಿದಾಗ ಕ್ರಾಂತಿಕುಮಾರ್ ಎದ್ದು ನಿಂತು ಕೈಕಟ್ಟಿಕೊಂಡ.

"ಹಿಡಿಯೋ," ಎಂದು ಜಂಬುನಾಥ ಬಿಸಿಬಿಸಿ ಜೆರಾಕ್ಸ್ ಹಾಳೆಗಳನ್ನು ಅವನ ಕೈಗಿಟ್ಟ. ಹದಿಮೂರರಿಂದ ಇಪ್ಪತ್ತು! "ಮೇಡಂನ ಕೇಳಿ ತಗಸಿದೆ. ಇವುಕ್ಕ ಮನಿ ತುಂಬ ಹುಡುಕ್ಯಾಡಿದ್ದೇನೋ?"

"ನಂದಂತ ಹೆಂಗ ಗೊತ್ತಾತು?"

"ಹತ್ತು ವರ್ಷದಿಂದ ನಿನ್ನ ಅಕ್ಷರ ನೋಡಾಕತ್ತೀನಿ, ಗೊತ್ತಾಗಂಗಿಲ್ಲೇನು? ಫೈಲ್ ಮಂಡಿಸೋವಾಗ ಹಿಂದ ತಿರುವಿ ನೋಡಿದ್ರ ಇಷ್ಟೆಲ್ಲ ಆಕ್ಕಿರ‍್ಲಿಲ್ಲ. ನಂದೂ ತಪ್ಪೈತಿ."

"ಮೇಡಂ ಏನಂದ್ರು?"

"ಯಾರು ಬರದದ್ದು ಅಂದ್ರು. ನಂದೇ ಅಂದೆ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದೂ ನಿಂತಿತು.

"ಯಾಕೋ?"

"ನಿಂದು ಕಡೀ ಸಲ ಐತೆಲ್ಲೋ, ದಡ್ಡ! ಇದರಾಗ ನೋಟಿಸ್ ಬಂದ್ರ ಪರೀಕ್ಷಿ ಹೆಂಗ ಬರೀತಿದ್ದಿ? ನಂದು ಇನ್ನೂ ಎರಡು ಸಲ ಐತಿ. ಛಾವಣಿಗೂ ಕರುಣ ರಸಕ್ಕೂ ಏನು ಸಂಬಂಧ ಅಂತ ಕೇಳಿದ್ರು. ಬಾಯಿಗೆ ಬಂದದ್ದು ಹೇಳಿದೆ. ಸೋರೋ ಛಾವಣಿ ವಿಭಾವ ರೀ ಮೇಡಂ, ನಮ್ಮ ಕಣ್ಣೀರು ಅನುಭಾವ, ಆ ಟೇಬಲಿನಿಂದ ಈ ಟೇಬಲಿಗೆ ಛತ್ರಿ ಹಿಡಕೊಂಡು ಓಡಾಡೋದು ಸಂಚಾರಿ ಭಾವ, ಹನ್ನೊಂದು ವರ್ಷದಿಂದ ಉತ್ತರ ಬರದ ಶೋಕ ಐತಲ್ಲ, ಅದೇ ಸ್ಥಾಯಿ ಅಂದೆ. ನಕ್ಕೊಂತ ಛಾವಣಿ ಮಂಜೂರು ಮಾಡಿ ಕಳಿಸ್ಯಾರ!" ನೀರು ಕುಡಿದು ಮೆಲ್ಲಗೆ ಕೇಳಿದ: "ಎರಡನೇ ಘಟಕ ಸಿಕ್ತೇನೋ? ಸಿಗದಿದ್ರ ಬಿಡು, ಉಳಿದದ್ದು ಓದಿದ್ರ ಸಾಕು."

ಕ್ರಾಂತಿಕುಮಾರ್ ಮೂಲೆಗೆ ಹೋದ. ಜೋಳದ ಚೀಲಕ್ಕೆ ಭುಜದವರೆಗೆ ಕೈ ಹಾಕಿ ಎರಡನೇ ಘಟಕ ಎಳೆದು ತೆಗೆದ. ಪಡಸಾಲೆಯ ತುಂಬ ಜೋಳ ಉದುರಿತು.

"ಈ ಹಾಳಿ ಜೋಳದ ಚೀಲದಾಗ ಹೆಂಗ ಬಂದ್ವೇ ಯವ್ವ?" ಎಂದು ಗಿಡ್ಡಮ್ಮ ಗಲ್ಲದ ಮೇಲೆ ಬೆರಳಿಟ್ಟಳು.

"ಇಲಿ ತಂದಿರಬೇಕು ಬಿಡ್ರಿ ಅತ್ತಿ," ಎಂದಳು ರೇಖಾ. "ಟವೆಲ್ ಹೊದ್ದ ಇಲಿ."

ಶನಿವಾರ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಓದಿದರು. ಭಾನುವಾರ ಒಂದೇ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋಗಿ ಬರೆದರು. ಕರುಣ ರಸ ಇಪ್ಪತ್ತು ಅಂಕಕ್ಕೆ ಬಂದೇ ಬಂತು. ಕ್ರಾಂತಿಕುಮಾರ್ ಉತ್ಸಾಹದಿಂದ ಆರು ಪುಟ ಬರೆದು ಕೊನೆಯಲ್ಲಿ 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ಸಹಿ ಮಾಡಿದ್ದನ್ನು ಮೇಲ್ವಿಚಾರಕರು ಉತ್ತರಪತ್ರಿಕೆ ಕಸಿದುಕೊಂಡ ಮೇಲೆ ನೆನಪಿಸಿಕೊಂಡ.

ಫಲಿತಾಂಶ ಬಂತು. ಪಾಸಿಗೆ ನಲವತ್ತು ಬೇಕು. ಜಂಬುನಾಥನಿಗೆ ಅರವತ್ತೆಂಟು, ಕ್ರಾಂತಿಕುಮಾರನಿಗೆ ನಲವತ್ತೊಂದು. ಆ ಒಂದು ಅಂಕವೇ ರ‍್ಯಾಂಕು ಎಂದು ರೇಖಾ ಒಪ್ಪಿಕೊಂಡಳು. ಹಸಿರು ಖಣದ ಕುಪ್ಪಸ ತೊಟ್ಟು ಪಾಯಸ ಮಾಡಿದಳು. ಜೋಗಪ್ಪ ತಾನೇ ಮೊಳೆ ಹೊಡೆದು ಬೋರ್ಡು ತೂಗುಹಾಕಿದ. ನಾಲ್ಕು ವರ್ಷದ ನಂತರ ಅದು ಬೀದಿಗೆ ಮುಖ ಮಾಡಿತು. ಮುದುಕ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಅವನ ಮಾನ ಉಳಿಯುತ್ತಿತ್ತು.

ಮರುದಿನ ಜೋಗಪ್ಪ ಹಳೆಯ ಕಚೇರಿಯ ಕಡೆ ಹೋಗಿ ಒಂದು ಕಾಗದ ಹಿಡಿದುಕೊಂಡು ಬಂದ. "ಹರಪನಹಳ್ಳಿ ಮೇಡಂ ಕಳಿಸ್ಯಾರಂತ. ಆಫೀಸಿನ್ಯಾಗ ಗ್ವಾಡಿಗೆ ಹಚ್ಯಾರ. ಅಜ್ಜಯ್ಯನೋರು ನನಗೊಂದು ಜೆರಾಕ್ಸ್ ಕೊಟ್ರು. ಎಂ.ಎ. ಆಗೀಯಲ್ಲ, ಓದಪ, ಎಲ್ಲಾರೂ ಕೇಳ್ಲಿ."

ಗಿಡ್ಡಮ್ಮ ಬಂದು ಕೂತಳು, ರೇಖಾ ಬಾಗಿಲಿಗೆ ಒರಗಿದಳು. ಕ್ರಾಂತಿಕುಮಾರ್ ಎದ್ದು ನಿಂತು ಓದಿದ.

"'ಮೆಚ್ಚುಗೆ ಪತ್ರ. ಕಚೇರಿಯ ಛಾವಣಿ ವಿಷಯದಲ್ಲಿ ಪುಟ ಹದಿಮೂರರಿಂದ ಇಪ್ಪತ್ತರವರೆಗೆ ಮಂಡಿಸಿದ ಟಿಪ್ಪಣಿಯಂಥ ಸೊಗಸಾದ ಬರವಣಿಗೆಯನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಇದನ್ನು ಬರೆದ...'" ಇಲ್ಲಿ ಅವನ ದನಿ ಇಳಿಯಿತು.

"ಜೋರಾಗಿ ಓದ್ರಿ," ಎಂದಳು ರೇಖಾ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

"'...ಬರೆದ ಶ್ರೀ ಜಂಬುನಾಥ ಇವರ ಸೇವಾ ಪುಸ್ತಕದಲ್ಲಿ ಈ ಮೆಚ್ಚುಗೆಯನ್ನು ನಮೂದಿಸತಕ್ಕದ್ದು.'"

ಜೋಗಪ್ಪ ಕಾಗದವನ್ನು ವಾಪಸು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟ. ಹದಿಮೂರರಿಂದ ಇಪ್ಪತ್ತು ಯಾರದೆಂದು ಕಟ್ಟೆಯ ಮೇಲೆ ಕೂತು ತಾನೇ ಪತ್ತೆ ಮಾಡಿದ್ದು ಮುದುಕನಿಗೆ ಮರೆತುಹೋಗಿತ್ತೋ, ನೆನಪಿತ್ತೋ? ಹೆಗಲ ಮೇಲಿನ ವಸ್ತ್ರ ಬಾಯಿಗೆ ಅಡ್ಡ ಹಿಡಿದು ಅವನು ಕೆಮ್ಮಿದನೋ, ನಕ್ಕನೋ? ಕ್ರಾಂತಿಕುಮಾರನಿಗೆ ಇವತ್ತಿನವರೆಗೂ ಆ ಒಂದು ಅನುಮಾನ ಬಗೆಹರಿದಿಲ್ಲ.

"ನೋಡಪ, ಬರದ್ರ ಹಿಂಗ ಬರೀಬೇಕು," ಎಂದ ಜೋಗಪ್ಪ, ಬೋರ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ. "ದಿನಾ ಸಂಜಿಗೆ ಒಂದು ತಾಸು ಜಂಬುನಾಥನ ಹತ್ರ ಹೋಗಿ ಕಲಿ."

"ಹ್ಞೂಂ ಯಪ್ಪ," ಎಂದ ಕ್ರಾಂತಿಕುಮಾರ್, ಎಂ.ಎ.